ಸದ್ದು ಮಾಡದ ಗ್ಲಾಸುಗಳು

ಮಾರ್ಚ್ ೩, ಮಂಗಳವಾರ

ಪೆಟ್ಟಿಗೆ ಬಂತು. ನಾನೇ ತರಿಸಿಕೊಂಡದ್ದು. ನಮ್ಮ ಹಳೆಯ ನಾಟಕ ಮಂಡಳಿಯ ಆರು ನಾಟಕಗಳ ಧ್ವನಿಮುದ್ರಣ, ಆರು ಸಿ.ಡಿ.ಗಳಲ್ಲಿ. ನೀಲಿ ಬಟ್ಟೆ ಹೊದಿಸಿದ ರಟ್ಟು, ಜೊತೆಗೆ ಇಪ್ಪತ್ತು ಪುಟದ ಪುಸ್ತಿಕೆ. ‘ಮನೆಯಲ್ಲಿರಬೇಕಾದ ಸಂಗ್ರಹ’ ಎಂದು ಮೇಲೆ ಅಚ್ಚಾಗಿದೆ. ಈ ಮನೆಯಲ್ಲಿ ಇರಬೇಕೋ ಬೇಡವೋ ಎಂದು ನಾನು ಎರಡು ತಿಂಗಳು ಯೋಚಿಸಿದ್ದೆ.

ಕರಡು ತಿದ್ದಿ ಸಂಬಳ ತರುವವಳು ನಾನು. ಹಾಗಾಗಿ ಮೊದಲು ಪುಸ್ತಿಕೆಯನ್ನೇ ಓದಿದೆ. ಹನ್ನೊಂದನೆಯ ಪುಟದಲ್ಲಿ ಭಾವನ ಮಾತು. ಭಾವ ಎಂದರೆ ಅಕ್ಕನ ಗಂಡ. ಮಂಡಳಿಯಲ್ಲಿ ಮೂವತ್ತು ವರ್ಷ ರಾಜನ ಪಾತ್ರ ಮಾಡಿದವರು.

‘ಮೂರನೆಯ ಅಂಕದ ಆ ಪ್ರಸಿದ್ಧ ಮೌನ ಹುಟ್ಟಿದ್ದು ಆಕಸ್ಮಿಕವಾಗಿ. ಅಂದು ಪ್ರಾಂಪ್ಟರ್ ನಿದ್ದೆ ಹೋಗಿದ್ದಳು. ಮಾತು ಬರಲಿಲ್ಲ. ಬಾರದ ಮಾತಿನ ಜಾಗದಲ್ಲಿ ನಾನು ಮೌನವನ್ನು ನಿಲ್ಲಿಸಿದೆ.’

ಒಂದು ಅಕ್ಷರದೋಷವೂ ಇಲ್ಲ.

ಪ್ರಾಂಪ್ಟರ್ ಎಂದರೆ ನಾನು. ರಂಗದ ಎಡಬದಿಯ ಪರದೆಯ ಮರೆಯಲ್ಲಿ ಸ್ಟೂಲು ಹಾಕಿಕೊಂಡು, ತೊಡೆಯ ಮೇಲೆ ನಾಟಕದ ಪ್ರತಿ ಇಟ್ಟುಕೊಂಡು, ಮಾತು ಮರೆತವರಿಗೆ ಪಿಸುದನಿಯಲ್ಲಿ ಎತ್ತಿಕೊಡುವುದು ನನ್ನ ಕೆಲಸವಾಗಿತ್ತು. ಹನ್ನೆರಡು ವರ್ಷ ಮಾಡಿದೆ. ಆ ಪ್ರದರ್ಶನದ ಮರುದಿನ ಮ್ಯಾನೇಜರು ಕರೆದು, ಇನ್ನು ಬರುವುದು ಬೇಡ ಎಂದರು. ಅದಾಗಿ ಹದಿನೆಂಟು ವರ್ಷ. ನಾನು ನಿದ್ದೆ ಮಾಡಿರಲಿಲ್ಲ. ಮಾತನ್ನು ಎರಡು ಸಲ ಕೊಟ್ಟಿದ್ದೆ. ಸಭೆಗೆ ಕೇಳಿಸದಂತೆ ಕೊಡುವುದೇ ನನ್ನ ಕಸುಬು. ಅದಕ್ಕೆ ಸಾಕ್ಷಿ ಎಲ್ಲಿಂದ ತರಲಿ?

ನಮ್ಮ ಮನೆಯವರಿಗೆ ಪುಟ ತೋರಿಸಿದೆ. ಇವರದು ಕನ್ನಡಕದ ಅಂಗಡಿ; ಸಣ್ಣ ಅಕ್ಷರವನ್ನು ತೋಳು ಚಾಚಿ ಓದುತ್ತಾರೆ.

“ನಿದ್ದೆನಾ? ನೀನಾ? ಪಕ್ಕದ ಮನೆಯವರು ಮಗ್ಗುಲು ಬದಲಾಯಿಸಿದ್ರೂ ಎದ್ದು ಕೂರೋಳು.”

“ಅದನ್ನ ಬರೆದು ಕಳಿಸಿ ಅವರಿಗೆ.”

“ಬಿಡೇ. ಯಾರು ಓದ್ತಾರೆ ಇದನ್ನೆಲ್ಲ.”

ನಾನು ಓದಿದ್ದೇನೆ.


ಮಾರ್ಚ್ ೫, ಗುರುವಾರ

ನಾಲ್ಕನೆಯ ಸಿ.ಡಿ. ಹಾಕಿದೆ; ಅದೇ ಪ್ರದರ್ಶನದ ಮುದ್ರಣ, ಮೂರನೆಯ ಅಂಕ. ರಾಜನ ಮುಂದೆ ಒಬ್ಬ ಅಪರಾಧಿಯನ್ನು ತಂದು ನಿಲ್ಲಿಸುತ್ತಾರೆ. ಅವನು ರಾಜನ ಸ್ವಂತ ತಮ್ಮ. “ಪ್ರಭು, ಈತ ಯಾರು?” ಎಂದು ಮಂತ್ರಿ ಕೇಳುತ್ತಾನೆ. ರಾಜ “ಈತ ನನ್ನ ತಮ್ಮ” ಎನ್ನಬೇಕು. ಆ ರಾತ್ರಿ ಭಾವ ಏನೂ ಹೇಳದೆ ನಿಂತರು, ಬೆನ್ನು ತಿರುಗಿಸಿ ಒಳಗೆ ಹೋದರು. ಪರದೆ ಬಿತ್ತು. ಅಂದು ಎಲ್ಲರೂ ಅದನ್ನು ಎಡವಟ್ಟು ಅಂದುಕೊಂಡರು. ವಾರದ ನಂತರ ಪತ್ರಿಕೆಗಳು ಮಹಾಮೌನ ಎಂದು ಬರೆದವು. ಅಷ್ಟರಲ್ಲಿ ನಾನು ಮನೆಯಲ್ಲಿದ್ದೆ.

ಗಡಿಯಾರ ಹಿಡಿದು ಅಳೆದೆ. ಹದಿಮೂರು ಸೆಕೆಂಡು. ತೊಳೆದಿಟ್ಟ ಹಾಗೆ ಸ್ವಚ್ಛ. ಒಂದು ಕೆಮ್ಮಿಲ್ಲ, ಕುರ್ಚಿಯ ಕಿರ್ರೆನ್ನುವ ಸದ್ದಿಲ್ಲ, ನಾನೂ ಇಲ್ಲ.

ಆರುನೂರು ಜನ ಹದಿಮೂರು ಸೆಕೆಂಡು ಕೆಮ್ಮದೆ ಕೂರುವುದಿಲ್ಲ. ಯಾರೋ ಒರೆಸಿದ್ದಾರೆ.


ಮಾರ್ಚ್ ೯, ಸೋಮವಾರ

ಅವರನ್ನು ಊಟಕ್ಕೆ ಕರೆಯುತ್ತೇನೆ. ಭಾವ, ಅಕ್ಕ, ಹಳೆಯ ಮ್ಯಾನೇಜರು. ಊಟದ ನಡುವೆ ಒರೆಸದ ಮುದ್ರಣ ಹಾಕುತ್ತೇನೆ. ಅದು ಎಲ್ಲೋ ಇರಲೇಬೇಕು. ನಾನು ಏನೂ ಹೇಳಬೇಕಾಗಿಲ್ಲ. ಹದಿನೆಂಟು ವರ್ಷದ ಹಿಂದಿನ ನನ್ನ ದನಿಯೇ ಹೇಳುತ್ತದೆ.

ಮೊದಲು ಗ್ಲಾಸು. ಅಕ್ಕ ಕೊನೆಯ ಸಲ ಬಂದಾಗ, ಜಾಮಿನ ಸೀಸೆ ತೊಳೆದು ಇಟ್ಟುಕೊಂಡಿದ್ದ ಲೋಟದಲ್ಲಿ ನೀರು ಕೊಟ್ಟಿದ್ದೆ. ಲೋಟವನ್ನು ಬೆಳಕಿಗೆ ಹಿಡಿದು, “ಇದರಲ್ಲಿ ಇನ್ನೂ ಸ್ಟ್ರಾಬೆರಿ ವಾಸನೆ ಇದೆ ಕಣೇ” ಎಂದಿದ್ದಳು. ನಗುತ್ತಲೇ ಅಂದದ್ದು. ನಗುತ್ತ ಅಂದ ಮಾತಿಗೆ ತಿರುಗಿ ಏನು ಹೇಳುವುದು?

ಪೇಟೆಯ ದೊಡ್ಡ ಅಂಗಡಿಗೆ ಹೋದೆ. ಮಾರುವ ಹೆಂಗಸು ಬಿಳಿ ಕೈಗವಸು ಹಾಕಿಕೊಂಡು ಗ್ಲಾಸುಗಳನ್ನು ಹಸುಗೂಸಿನ ಹಾಗೆ ಎತ್ತಿ ಎತ್ತಿ ಇಟ್ಟಳು.

“ಎಷ್ಟು ಜನಕ್ಕೆ ಮೇಡಂ?”

“ಐದು. ಆದ್ರೆ ಒಬ್ಬರಿಗೋಸ್ಕರ.”

“ಹಾಗಾದ್ರೆ ಇದು ನೋಡಿ. ಕಾಲು ಎಷ್ಟು ಸಣ್ಣ ನೋಡಿ, ಹುಲ್ಲು ಕಡ್ಡಿ ಥರ. ಕೈ ಮಾತ್ರ ಗಟ್ಟಿ ಇರಬೇಕು.”

ಅದನ್ನೇ ಕೊಂಡೆ. ಕಳೆದ ವರ್ಷ ಟೀವಿಯ ಸಂದರ್ಶನದಲ್ಲಿ ನೋಡಿದ್ದೆ, ಭಾವ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿಯುತ್ತಿದ್ದರು. ಹಿಡಿದರೂ ಅದು ತಟ್ಟೆಯ ಮೇಲೆ ಗಡಗಡ ಅನ್ನುತ್ತಿತ್ತು. ಕಡ್ಡಿಯಂಥ ಕಾಲಿನ ಗ್ಲಾಸನ್ನು ಎರಡು ಕೈಯಲ್ಲಿ ಹಿಡಿಯಲು ಬರುವುದಿಲ್ಲ.

ಬಸ್ಸಿನಲ್ಲಿ ಡಬ್ಬವನ್ನು ಮಡಿಲಲ್ಲಿಟ್ಟುಕೊಂಡು ಬಂದೆ. ಬಹಳ ದಿನಗಳ ಮೇಲೆ ಮನಸ್ಸು ಹಗುರವಾಗಿತ್ತು.


ಮಾರ್ಚ್ ೧೪, ಶನಿವಾರ

ಮೈಕಣ್ಣನನ್ನು ಹುಡುಕಿಕೊಂಡು ಹೋದೆ. ಮಂಡಳಿಯ ಧ್ವನಿಯ ಕೆಲಸವೆಲ್ಲ ಅವನದೇ ಇತ್ತು. ಹೆಸರು ಹಿಡಿದು ಯಾರೂ ಕರೆದದ್ದಿಲ್ಲ. ಈಗ ಬಸ್ ನಿಲ್ದಾಣದ ಹಿಂದೆ ಒಂದು ಕೋಣೆಯಲ್ಲಿ ಸ್ಪೀಕರ್ ರಿಪೇರಿ ಮಾಡುತ್ತಾನೆ. ನನ್ನನ್ನು ಕಂಡು ಬೆಸುಗೆಯ ಕಡ್ಡಿಯನ್ನು ಕೆಳಗಿಟ್ಟ.

“ನೀವು ಬಂದೇ ಬರ್ತೀರ ಅಂತ ಗೊತ್ತಿತ್ತು ಅಕ್ಕಾವ್ರೆ. ಆ ಪುಸ್ತಕ ಓದಿದ್ರಾ?”

“ಓದಿದೆ. ಒರೆಸಿದ್ದು ನೀನೇನಾ?”

“ಕೊಟ್ಟ ಕೆಲಸ ಮಾಡಿದೆ. ಮೈಕು ಸಿಂಹಾಸನದ ಹಿಂದೆನೇ ಇತ್ತಲ್ಲ, ಸೊಳ್ಳೆ ಹಾರಿದ್ರೂ ಹಿಡಿಯೋದು. ಕೆಮ್ಮು ತೆಗೆಯೋಕೆ ಒಂದು ಗಂಟೆ ಸಾಕಾಯ್ತು. ಪಿಸುಮಾತು ತೆಗೆಯೋಕೆ ಎರಡು ದಿನ ಹಿಡೀತು ನೋಡಿ.”

“ಹಾಗಾದ್ರೆ ನನ್ನ ಮಾತು ಇದೆ.”

“ಇದೆ. ಎರಡೂ ಇವೆ.”

ನಾನು ಎರಡು ಸಲ ಹೇಳಿದ್ದೆನಲ್ಲ. ಹೌದು ಎಂದೆ.

ಒರೆಸದ ಮುದ್ರಣವನ್ನು ಪೆನ್‌ಡ್ರೈವಿಗೆ ಹಾಕಿಕೊಟ್ಟ. ದುಡ್ಡು ಬೇಡವೆಂದ. “ಒಳ್ಳೆ ಹೆಡ್‌ಫೋನಲ್ಲಿ ಕೇಳಿ. ಒಬ್ಬರೇ ಇದ್ದಾಗ ಕೇಳಿ” ಎಂದ. ವೈದ್ಯರು ಔಷಧಿ ಬರೆದುಕೊಡುವ ಧಾಟಿ.


ಮಾರ್ಚ್ ೧೫, ಭಾನುವಾರ

ಕೇಳಿದೆ.

“ಪ್ರಭು, ಈತ ಯಾರು?” ನಂತರ ಒಂದು ಕೆಮ್ಮು. ನಂತರ ನಾನು: “ಈತ ನನ್ನ ತಮ್ಮ.” ಸ್ಪಷ್ಟವಾಗಿ, ತಡಮಾಡದೆ. ನನಗೆ ಇಪ್ಪತ್ತೊಂದು ವರ್ಷದ ಹುಡುಗಿಯಂತೆ ಕೇಳಿಸಿತು, ಆಗ ಮೂವತ್ತಾರು. ನಂತರ ಮತ್ತೊಮ್ಮೆ ನಾನು: “ಈತ ನನ್ನ ತಮ್ಮ.”

ಇವೆರಡರ ನಡುವೆ ಇನ್ನೊಂದು ದನಿ ಇದೆ.

“ಈತನನ್ನು ನಾನು ಅರಿಯೆ.”

ಹನ್ನೊಂದು ಸಲ ಕೇಳಿದೆ. ಇವರು ಬಾಗಿಲಲ್ಲಿ ನಿಂತು ಊಟಕ್ಕೆ ಕರೆದರಂತೆ. ಹೆಡ್‌ಫೋನಿನಲ್ಲಿ ಗೊತ್ತಾಗಲಿಲ್ಲ. ಒಬ್ಬರೇ ಉಂಡರು.


ಮಾರ್ಚ್ ೧೬, ಸೋಮವಾರ

ಕ್ರಮವಾಗಿ ಬರೆದಿಡುತ್ತೇನೆ.

ನಾಟಕದ ಮೂಲ ಪ್ರತಿಯಲ್ಲಿ ಆ ಜಾಗದಲ್ಲಿ ಇದ್ದ ಮಾತು ‘ಈತನನ್ನು ನಾನು ಅರಿಯೆ’ ಎಂದೇ. ಪ್ರದರ್ಶನಕ್ಕೆ ಎರಡು ದಿನ ಮೊದಲು ನಿರ್ದೇಶಕರು ಅದನ್ನು ಬದಲಾಯಿಸಿದರು. ನನ್ನ ಪ್ರತಿಯಲ್ಲಿ ತಿದ್ದಿಕೊಂಡೆ. ಎಲ್ಲರ ಪ್ರತಿಗಳನ್ನೂ ನಾನೇ ತಿದ್ದಿದೆ. ಭಾವ ಮನೆಯಲ್ಲಿ ಬಾಯಿಪಾಠಕ್ಕೆ ಇಟ್ಟುಕೊಂಡಿದ್ದ ಪ್ರತಿ ಮಾತ್ರ ತಿದ್ದದೆ ಉಳಿಯಿತು. ಅದರಿಂದ ಅವರಿಗೆ ಪಾಠ ಒಪ್ಪಿಸುತ್ತಿದ್ದವಳು ಅಕ್ಕ.

ಪಿಸುಮಾತಿಗೆ ದನಿ ಇರುವುದಿಲ್ಲ. ಆದರೆ ಆ ಮಾತಿಗೆ ಮುಂಚೆ ನಾಲಗೆಯ ಸಣ್ಣ ‘ಚ್’ ಇದೆ. ಅಕ್ಕ ಏನೇ ಹೇಳಲು ಹೊರಟರೂ ಮೊದಲು ಅದು ಬರುತ್ತದೆ. ಚಿಕ್ಕಂದಿನಲ್ಲಿ ನನಗೆ ತಲೆ ಬಾಚುವಾಗ ಪ್ರತಿ ಸಿಕ್ಕಿಗೂ ಒಂದು ‘ಚ್’.

ಎಡಬದಿಯ ಪರದೆಯಲ್ಲಿ ನಾನು. ಬಲಬದಿಯಲ್ಲಿ ಅವಳು, ಹಳೆಯ ಪ್ರತಿ ಹಿಡಿದು. ನನ್ನ ಮೇಲೆ ನಂಬಿಕೆ ಸಾಲದೆ. ನಡುವೆ ಭಾವ, ಎರಡು ಕಿವಿಗೆ ಎರಡು ಮಾತು. ತಮ್ಮನನ್ನು ಬಲ್ಲೆನೋ ಅರಿಯೆನೋ ಗೊತ್ತಾಗದೆ ನಿಂತಿದ್ದಾರೆ. ಇದು ಮಹಾಮೌನ.

ಮರುದಿನ ಮ್ಯಾನೇಜರ ಕೋಣೆಯಲ್ಲಿ ನನ್ನ ಪಕ್ಕದ ಕುರ್ಚಿಯಲ್ಲಿ ಅಕ್ಕ ಕೂತಿದ್ದಳು. ನನ್ನ ಕೈ ಹಿಡಿದುಕೊಂಡಿದ್ದಳು. ಏನೂ ಹೇಳಲಿಲ್ಲ.


ಮಾರ್ಚ್ ೧೯, ಗುರುವಾರ

ಊಟ ನಡೆಯುತ್ತದೆ. ಏನೂ ಬದಲಾಗಿಲ್ಲ. ಒಬ್ಬರಿದ್ದ ಜಾಗದಲ್ಲಿ ಇಬ್ಬರು, ಅಷ್ಟೇ.


ಮಾರ್ಚ್ ೨೨, ಭಾನುವಾರ

ತಾಲೀಮು ಮಾಡಿದೆವು. ಇವರನ್ನು ಭಾವನ ಕುರ್ಚಿಯಲ್ಲಿ ಕೂರಿಸಿ, ಹೊಸ ಗ್ಲಾಸುಗಳಿಗೆ ನೀರು ತುಂಬಿ, ಪುಸ್ತಕದ ಕಪಾಟಿನ ಮೇಲಿನ ಸ್ಪೀಕರಿನಲ್ಲಿ ಮುದ್ರಣ ಹಾಕಿದೆ. ಸರಿಯಾಗಿ ಹದಿಮೂರು ಸೆಕೆಂಡಿನ ಒಳಗೆ ಇವರು ಗ್ಲಾಸು ಕೆಳಗಿಟ್ಟರು. ಟಿಣ್ ಎಂದಿತು. ಆ ಟಿಣ್ ಗಾಳಿಯಲ್ಲಿ ಸುತ್ತುತ್ತ ಸುತ್ತುತ್ತ ಪಿಸುಮಾತುಗಳನ್ನೆಲ್ಲ ನುಂಗಿತು.

“ಎತ್ತಬೇಡಿ, ಇಡಬೇಡಿ” ಎಂದೆ.

“ಬಾಯಾರಿದ್ರೆ?”

“ಹದಿಮೂರು ಸೆಕೆಂಡು ತಡ್ಕೊಳ್ಳಿ.”

“ನಾನು ತಡ್ಕೋತೀನಿ. ಬಂದೋರು ತಡ್ಕೋಬೇಕಲ್ಲ. ಮುಂಚೆನೇ ಹೇಳ್ಬಿಡು, ಊಟಕ್ಕೆ ಬನ್ನಿ, ನೀರು ಮಾತ್ರ ಕುಡೀಬೇಡಿ ಅಂತ.”

ನಾನು ನಗಲಿಲ್ಲ. ಇವರು ಗ್ಲಾಸಿನ ಅಂಚನ್ನು ಅಂಗಡಿಯಲ್ಲಿ ಮಸೂರ ನೋಡುವ ಹಾಗೆ ನೋಡಿ ಕೇಳಿದರು: “ಅಕ್ಕನಿಗೂ ಕೇಳಿಸಬೇಕಾ ಇದು?”

“ಅಕ್ಕನಿಗೇ ಕೇಳಿಸಬೇಕು.”

ಬರೆಯುವಾಗ ಗಮನಿಸಿದೆ. ಮೊನ್ನೆಯವರೆಗೆ ಭಾವನಿಗೆ ಎನ್ನುತ್ತಿದ್ದೆ.


ಮಾರ್ಚ್ ೨೩, ಸೋಮವಾರ

ಗ್ಲಾಸು ಹಿಂದಿರುಗಿಸಿದೆ. ಅಂಗಡಿಯ ಹೆಂಗಸಿಗೆ ಬೇಜಾರಾಯಿತು.

“ಏನು ಕೊರತೆ ಇತ್ತು ಮೇಡಂ ಅದರಲ್ಲಿ?”

“ಸದ್ದು ಮಾಡುತ್ತೆ.”

“ಅಯ್ಯೋ, ಎಲ್ರೂ ಬೆರಳಲ್ಲಿ ತಟ್ಟಿ ಸದ್ದು ನೋಡೇ ತಗೊಳ್ಳೋದು. ನಾದ ಇಲ್ಲದ ಗ್ಲಾಸು ಗ್ಲಾಸಾ?”

ಪೆನ್ಸಿಲಿನಿಂದ ಒಂದೊಂದನ್ನೇ ತಟ್ಟುತ್ತ ಹೋದೆ. ನಲವತ್ತಕ್ಕೂ ಹೆಚ್ಚು ಗ್ಲಾಸು. ಬೇರೆ ಗಿರಾಕಿಗಳು ದಾರಿ ಬಿಟ್ಟು ನಿಂತರು. ಕೊನೆಗೆ ಸಿಕ್ಕಿತು: ತಳ ದಪ್ಪ, ಹೊಟ್ಟೆ ಸ್ವಲ್ಪ ಉಬ್ಬು, ಹೊಗೆಯ ಬಣ್ಣ. ಮೇಲಿಂದ ಕೆಳಗೆ ಸಣ್ಣ ಗೀರುಗಳು, ಹಿಡಿದರೆ ಜಾರುವುದಿಲ್ಲ. ತಟ್ಟಿದರೆ ಮರ ತಟ್ಟಿದಂತೆ. ಮೇಜಿನ ಮೇಲಿಟ್ಟರೆ ಇಟ್ಟದ್ದೇ ಗೊತ್ತಾಗುವುದಿಲ್ಲ. ಚೆಂದವೂ ಇದೆ.

ಇವರು ಒಂದನ್ನು ಎರಡೂ ಕೈಯಲ್ಲಿ ಹಿಡಿದು ನೋಡಿ, “ಇದಾದ್ರೆ ಭಾವನಿಗೂ ಅನುಕೂಲ” ಎಂದರು.

ಸದ್ದಿಗೋಸ್ಕರ ತಂದದ್ದು ಎಂದೆ.


ಮಾರ್ಚ್ ೨೪, ಮಂಗಳವಾರ

ಅಕ್ಕನಿಗೆ ಫೋನ್ ಮಾಡಿದೆ. ಎಂದಿನಂತೆ ಭಾವ ಫೋನಿಗೆ ಬರಲಿಲ್ಲ. ನನ್ನ ಜೊತೆ ಮಾತಾಡಿ ಎಷ್ಟೋ ವರ್ಷವಾಯಿತು, ದೊಡ್ಡ ಮನುಷ್ಯರು.

“ಚ್, ಏನೇ ಇದ್ದಕ್ಕಿದ್ದ ಹಾಗೆ ಊಟ?”

“ಪೆಟ್ಟಿಗೆ ತರಿಸಿದೀನಿ. ಒಟ್ಟಿಗೆ ಕೂತು ಕೇಳೋಣ ಅಂತ. ಮ್ಯಾನೇಜರೂ ಬರ್ತಿದಾರೆ.”

“ಪುಸ್ತಕ ಓದಿದ್ಯಾ?”

“ಇನ್ನೂ ಇಲ್ಲ.”

“ನಿಧಾನಕ್ಕೆ ಓದು. ಅವಸರ ಏನು” ಎಂದಳು.

ಸುಳ್ಳು ಹೇಳುವುದು ಇಷ್ಟು ಸುಲಭವೆಂದು ಗೊತ್ತಿರಲಿಲ್ಲ. ಅವಳಿಗೂ ಹೀಗೇ ಆಗಿರಬಹುದು.


ಮಾರ್ಚ್ ೨೯, ಭಾನುವಾರ

ಎಲ್ಲರೂ ಹೋಗಿ ಒಂದು ಗಂಟೆಯಾಯಿತು. ಇನ್ನೂ ಬಿಸಿಲಿದೆ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಹನ್ನೆರಡೂವರೆಗೆ ಬಂದರು. ಭಾವ ಸಣ್ಣಗಾಗಿದ್ದಾರೆ, ಕೋಟು ಮಾತ್ರ ಅದೇ ಅಳತೆಯದು. ಎಡಗಿವಿಯಲ್ಲಿ ಯಂತ್ರ. “ಏನಮ್ಮಾ ನಾದಿನಿ, ಮುದುಕಿ ಆಗ್ಬಿಟ್ಟೆ” ಎಂದರು. ನಾನು ಉತ್ತರ ಹೇಳಿದೆ. ಅವರು ನನ್ನನ್ನು ಬಿಟ್ಟು ಅಕ್ಕನನ್ನು ನೋಡಿದರು. ಅಕ್ಕ ಅವರ ಬಲಗಿವಿಗೆ ಬಾಗಿ ನನ್ನ ಮಾತನ್ನು ಜೋರಾಗಿ ಮತ್ತೆ ಹೇಳಿದಳು. “ನೀವೇನು ಕಮ್ಮಿನಾ ಅಂತಿದಾಳೆ.” ಅವರು ಆಗ ನಕ್ಕರು.

ಇಡೀ ಊಟ ಹೀಗೇ. ಯಾರು ಏನಂದರೂ ಅಕ್ಕ ಅದನ್ನು ಎತ್ತಿಕೊಂಡು ಅವರ ಕಿವಿಗೆ ದಾಟಿಸುತ್ತಿದ್ದಳು. ಅನ್ನ ನುಂಗಲೂ ಪುರುಸೊತ್ತಿರಲಿಲ್ಲ ಅವಳಿಗೆ. ಆರು ವರ್ಷದಿಂದ ಹೀಗಂತೆ. ಫೋನಿಗೆ ಬಾರದ್ದು ಇದಕ್ಕೆ. ಹೊರಗೆ ಗೊತ್ತಾಗಬಾರದೆಂದು ಯಾರಿಗೂ ಹೇಳಿರಲಿಲ್ಲ.

ನಾನು ಆಗಲೇ ಲೆಕ್ಕ ಹಾಕಬೇಕಿತ್ತು. ಹಾಕಲಿಲ್ಲ. ಎದ್ದು ಮುದ್ರಣ ಹಾಕಿದೆ.

“ಪ್ರಭು, ಈತ ಯಾರು?”

ಭಾವ ಕಣ್ಣು ಮುಚ್ಚಿಕೊಂಡರು. ಮಂತ್ರಿಯ ಗಟ್ಟಿ ಗಂಟಲು ಅವರಿಗೆ ಮುಟ್ಟಿರಬೇಕು. ನಂತರ ಕೆಮ್ಮು. ನಾನು. ಅಕ್ಕ. ನಾನು. ಕೋಣೆಯಲ್ಲಿ ಒಂದು ಚಮಚ ಅಲುಗಲಿಲ್ಲ. ಮ್ಯಾನೇಜರು ಗ್ಲಾಸನ್ನು ಅರ್ಧಕ್ಕೆ ಹಿಡಿದುಕೊಂಡೇ ಇದ್ದರು. ಅಕ್ಕ ತಟ್ಟೆಯನ್ನು ನೋಡುತ್ತಿದ್ದಳು. ಬೈತಲೆ ನೆತ್ತಿಯವರೆಗೆ ಬೆಳ್ಳಗಾಗಿತ್ತು.

ಭಾವ ಕಣ್ಣು ತೆರೆದು ಎಲ್ಲರನ್ನೂ ನೋಡಿದರು. “ಕೇಳಿದ್ರಾ? ಹದಿಮೂರು ಸೆಕೆಂಡ್. ಈಗಿನವರು ಮೂರು ನಿಲ್ಲಲ್ಲ.” ಅವರ ಮುಖದ ತುಂಬ ಸಂತೋಷ. ಯಾರ ಮೇಲೆ ಬೀಳಲೆಂದು ಮೂರು ವಾರ ಕಾದೆನೋ ಆ ಮನುಷ್ಯನಿಗೆ ಅದು ಸೋಕಲೇ ಇಲ್ಲ.

ಮ್ಯಾನೇಜರು ಗ್ಲಾಸು ಕೆಳಗಿಟ್ಟು ನನ್ನ ಕಡೆ ತಿರುಗಿದರು. ಎಂಬತ್ತು ದಾಟಿದ ಮನುಷ್ಯ. “ನಿನ್ನ ತಪ್ಪಿರಲಿಲ್ಲ ಕಣಮ್ಮ. ನೀನು ಸರಿಯಾಗೇ ಕೊಟ್ಟಿದೀಯ. ನಾನು ಅವತ್ತು ವಿಚಾರಿಸಬೇಕಾಗಿತ್ತು.”

ಹದಿನೆಂಟು ವರ್ಷ ನಾನು ಬೇಕೆಂದದ್ದು ಈ ಮಾತು. ಹೆಚ್ಚುಕಡಿಮೆ ಇದೇ ಪದಗಳಲ್ಲಿ ಇದನ್ನು ಮನಸ್ಸಿನಲ್ಲಿ ಅವರಿಂದ ಹೇಳಿಸಿದ್ದೆ.

ಭಾವ ಅಕ್ಕನ ಕಡೆ ಬಾಗಿದರು. “ಏನಂತೆ? ಏನಂದ್ರು ಇವರು?”

ಎಲ್ಲರೂ ಅಕ್ಕನನ್ನು ನೋಡಿದೆವು. ಅವಳು ತಲೆಯೆತ್ತಿ ಅವರ ಕಿವಿಯ ಹತ್ತಿರ ಹೋದಳು. ‘ಚ್’ ಎಂದಳು. ಬಾಯಿ ತೆರೆದಳು. ಮಾತು ಬರಲಿಲ್ಲ. ಅವರು ಕಾದರು. ಅವಳ ತುಟಿ ಅಲುಗಿತು, ನಿಂತಿತು.

“ಊಟ ಚೆನ್ನಾಗಿದೆ ಅಂದ್ರು ಭಾವ” ಎಂದು ಯಾರೋ ಜೋರಾಗಿ ಹೇಳಿದರು. ನಾನೇ.

“ಹೌದಪ್ಪ, ಚೆನ್ನಾಗಿದೆ” ಎಂದು ಭಾವ ಗ್ಲಾಸನ್ನು ಎರಡು ಕೈಯಲ್ಲಿ ಎತ್ತಿ ನೀರು ಕುಡಿದರು. ಒಂದು ಹನಿ ಚೆಲ್ಲಲಿಲ್ಲ.

ಹೊರಡುವಾಗ ಇವರು ಭಾವನನ್ನು ಮೆಟ್ಟಿಲು ಇಳಿಸುತ್ತಿದ್ದರು. ಅಕ್ಕ ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತ ನಿಂತಳು. ಥ್ಯಾಂಕ್ಸ್ ಹೇಳಬಹುದು ಅಂದುಕೊಂಡೆ.

“ನೀನ್ಯಾಕೆ ಬಾಯಿ ಹಾಕಿದೆ?”

“ನಿಂಗೆ ಮಾತು ಬರಲಿಲ್ಲವಲ್ಲ.”

“ಬರ್ತಿತ್ತು. ಅವರಿಗೆ ಹೇಳ್ಬಿಡಬೇಕು ಅಂತಲೇ ಬಾಯಿ ತೆಗೆದಿದ್ದು. ಎರಡು ಕ್ಷಣ ಬೇಕಾಗಿತ್ತು ನಂಗೆ. ಎರಡು ಕ್ಷಣ ಕಾಯೋಕೆ ಆಗ್ಲಿಲ್ಲ ನಿನ್ನ ಕೈಲಿ.”

“ಇಷ್ಟು ವರ್ಷ ಯಾಕೆ ಹೇಳಲಿಲ್ಲ?”

“ಎರಡೂ ಮಾತು ನೀನೇ ಕೊಟ್ಟೆ ಅಂದ್ಕೊಂಡಿದಾರೆ ಅವರು. ತಲೆ ಕೆಟ್ಟಿತ್ತು ಅವಳಿಗೆ ಅಂತ ಪುಸ್ತಕದಲ್ಲಿ ಬರೆಸೋಕೆ ಹೊರಟಿದ್ರು. ನಿದ್ದೆ ಅಂತ ಹಾಕಿಸಿದ್ದು ನಾನು. ನಿದ್ದೆ ಆದ್ರೆ ಯಾರಿಗಾದ್ರೂ ಬರುತ್ತೆ.”

ನನಗೆ ಉಪಕಾರ ಮಾಡಿದ ಹಾಗೆ ಹೇಳಿದಳು. ಅವಳು ಹಾಗೆಯೇ ನಂಬಿದ್ದಾಳೆ ಎಂದು ಕಾಣುತ್ತದೆ. ನಂತರ ನನ್ನ ಕೆನ್ನೆ ಮುಟ್ಟಿ ಇಳಿದು ಹೋದಳು.

ಐದು ಗ್ಲಾಸು ತೊಳೆದಿಟ್ಟೆ.


ಏಪ್ರಿಲ್ ೨, ಗುರುವಾರ

ಇವರು ಕೇಳಿದರು: “ಸಮಾಧಾನ ಆಯ್ತಾ?”

ಭಾವನ ವಿಷಯದಲ್ಲಿ ಆಯಿತು ಎಂದೆ. ನಿಜ. ಆ ಮನುಷ್ಯನ ಮೇಲೆ ಈಗ ಏನೂ ಇಲ್ಲ.


ಏಪ್ರಿಲ್ ೬, ಸೋಮವಾರ

ಸಂಜೆ ಅಕ್ಕನ ಫೋನ್. ಮುಂದಿನ ವಾರ ಹಳೆಯ ರಂಗಮಂದಿರದಲ್ಲಿ ಭಾವನಿಗೆ ಸನ್ಮಾನ. ಆ ಮೂರನೆಯ ಅಂಕವನ್ನು ಸಭೆಗೆ ಕೇಳಿಸಬೇಕಂತೆ, ಊಟದ ದಿನ ನಮ್ಮ ಮನೆಯಲ್ಲಿ ಕೇಳಿದಂಥದ್ದೇ ಬೇಕೆಂದು ಭಾವ ಹಟ ಹಿಡಿದಿದ್ದಾರಂತೆ. ಪೆಟ್ಟಿಗೆಯದಕ್ಕಿಂತ ಅದೇ ಚೆನ್ನಾಗಿತ್ತಂತೆ, ಜೀವ ಇತ್ತಂತೆ.

“ಬೆಳಿಗ್ಗೆನೇ ಎರಡನ್ನೂ ಕಳಿಸಿದೀನಿ” ಎಂದೆ. ಮ್ಯಾನೇಜರು ಮೊದಲೇ ತಿಳಿಸಿದ್ದರು. “ಒಂದು ಒರೆಸಿದ್ದು, ಒಂದು ಒರೆಸದ್ದು. ಮೇಲೆ ಬರೆದಿದೆ ನೋಡು.”

“ಬಂತು. ಕೈಯಲ್ಲೇ ಇದೆ. ಆರುನೂರು ಜನ ಬರ್ತಾರೆ ಕಣೇ. ಅವರೊಬ್ಬರನ್ನ ಬಿಟ್ಟು ಎಲ್ರಿಗೂ ಕೇಳಿಸುತ್ತೆ.”

“ಹೌದು.”

“ಯಾವುದು ಹಾಕಿಸಲಿ?”

ಉತ್ತರ ನನ್ನ ನಾಲಗೆಯ ತುದಿಯಲ್ಲಿತ್ತು. ಎರಡೂ ಇದ್ದವು. ಯಾವುದನ್ನು ಕೊಟ್ಟರೂ ಅವಳು ಅದನ್ನು ಎತ್ತಿಕೊಳ್ಳುತ್ತಿದ್ದಳು. ಆಮೇಲೆ ಆ ತೀರ್ಮಾನ ನನ್ನದಾಗುತ್ತಿತ್ತು.

“ಇದೀಯೇನೇ?”

ಇದ್ದೆ. ಅವಳ ಉಸಿರು ಕೇಳಿಸುತ್ತಿತ್ತು. ‘ಚ್’ ಎಂದಳು. ಕಾದೆ. ಅವಳಿಂದ ಮಾತು ಬರಲಿಲ್ಲ, ಫೋನನ್ನು ಇಡಲೂ ಇಲ್ಲ. ಇವರು ಅಂಗಡಿಯಿಂದ ಬಂದು ನನ್ನ ಮುಖ ನೋಡಿ, ಸನ್ನೆಯಲ್ಲೇ ಯಾರೆಂದು ಕೇಳಿದರು. ನಾನು ಬೆರಳು ತುಟಿಗಿಟ್ಟುಕೊಂಡೆ.